ಮೊದಲ ಹೆಸರು

ಹನ್ನೊಂದು ವರ್ಷ ಅವನು ಪ್ರತಿ ಭಾನುವಾರ ಬಡಾವಣೆಯ ಹುಡುಗಿಯರಿಗೆ ಪುಕ್ಕಟೆಯಾಗಿ ಖೋ-ಖೋ ಕಲಿಸಿದ್ದ. ಮಂಡಿಯ ಆಪರೇಷನ್ ಆದಮೇಲೆ, ಆರು ತಿಂಗಳಿಂದ, ಅವನ ಬದಲಿಗೆ ಹೆಂಡತಿಯೇ ಮೈದಾನಕ್ಕೆ ಹೋಗುತ್ತಿದ್ದಳು.

"ಮಕ್ಕಳು ನಿನ್ನ ಏನಂತ ಕರೀತಾವೆ?" ಒಂದು ದಿನ ಕೇಳಿದ.

"ಮಿಸ್ ಅಂತಾವೆ ಕಣ್ರೀ."

ಬಾಯಲ್ಲಿದ್ದ ಕಾಫಿ ಕಹಿಯಾಯಿತು. ಖೋ ಕೊಡುವಾಗ ಬೆನ್ನು ಮುಟ್ಟಬೇಕು ಅನ್ನುವುದನ್ನೂ ಇವಳಿಗೆ ಹೇಳಿಕೊಟ್ಟವನು ತಾನು!

"ನನ್ನ ಯಾರಾದ್ರೂ ಕೇಳ್ತಾರಾ?"

"ಇಲ್ಲಪ್ಪ, ಯಾರೂ ಕೇಳಲ್ಲ. ನೀವೇ ಒಂದ್ಸಲ ಬಂದು ನೋಡಿ."

"ಬಂದು ಏನ್ ಮಾಡ್ಲಿ? ನಿನ್ನ ವಿಷಲ್ ಹಿಡ್ಕೊಂಡು ನಿಂತ್ಕೊಳ್ಳಲಾ?"

ಆದರೂ ಭಾನುವಾರ, ಅವಳು ಹೊರಟ ಹಿಂದೆಯೇ, ಕೋಲೂರಿಕೊಂಡು ಹೋದ. ಮೈದಾನದ ಕಾಂಪೌಂಡಿನ ಹೊರಗೆ ಮರೆಯಾಗಿ ನಿಂತು, ಅವಳು ಒಂದಾದರೂ ತಪ್ಪು ಮಾಡಲಿ ಎಂದು ಕಾದ.

ಒಳಗೆ ಹುಡುಗಿಯರು ಸಾಲಾಗಿ ಕುಳಿತಿದ್ದರು. ಅವಳು ಅವನದೇ ಹಳೆಯ ಹಾಜರಿ ಪುಸ್ತಕ ತೆರೆದು, ಎಲ್ಲರಿಗಿಂತ ಮೊದಲು ಕೂಗಿದಳು: "ಸರ್?"

ಅಷ್ಟೂ ಹುಡುಗಿಯರು ಮಗ್ಗಿ ಒಪ್ಪಿಸುವ ರಾಗದಲ್ಲಿ ಒಟ್ಟಿಗೆ ಕೂಗಿದರು: "ಮುಂದಿನ ವಾರ ಬರ್ತಾರೆ, ಮಿಸ್!"