ಹಿಟ್ಟು ಉಬ್ಬದ ಊರು

ಬೇಕರಿಯಾಕೆ ಬಟ್ಟಲ ಮೇಲಿನ ಒದ್ದೆ ಬಟ್ಟೆ ಎತ್ತಿದಳು. ಈ ಚಳಿಯೂರನ್ನು ಪರೀಕ್ಷಿಸಲೆಂದೇ ಕಲಸಿ ತಂದಿದ್ದ ಬ್ರೆಡ್ಡಿನ ಹಿಟ್ಟು, ದಲ್ಲಾಳಿ ಇಡೀ ಮನೆ ತೋರಿಸಿ ಮುಗಿಸಿದರೂ ಕೂದಲೆಳೆಯಷ್ಟೂ ಉಬ್ಬಿರಲಿಲ್ಲ.

"ಅರ್ಧ ಬೆಲೆ ಕಣೇ, ತೆರಿಗೆಯಂತೂ ಹೆಸರಿಗಷ್ಟೇ," ಎಂದ ಗಂಡ, ಮಫ್ಲರಿನೊಳಗಿಂದ. "ಹಿಟ್ಟಿನ ಮಾತು ಕೇಳ್ಕೊಂಡು ಯಾರಾದ್ರೂ ಮನೆ ಬಿಡ್ತಾರಾ?"

"ಹೀಟರ್ ಹಾಕಿಸಿದ್ರಾಯ್ತಮ್ಮಾ," ಎಂದ ದಲ್ಲಾಳಿ, ಅಂಗೈ ಉಜ್ಜಿಕೊಳ್ಳುತ್ತ.

"ಅದರ ಬಿಲ್ಲು ನೀವು ಕಟ್ತೀರಾ ಅಣ್ಣಾ?"

ದಲ್ಲಾಳಿ ಗೋಡೆಯ ಬಣ್ಣವನ್ನು ಹೊಗಳತೊಡಗಿದ.

ಆಕೆ ಬಟ್ಟಲನ್ನು ಕೋಟಿನೊಳಗೆ ಹೊಟ್ಟೆಗೊತ್ತಿಕೊಂಡು ಗುಂಡಿ ಹಾಕಿ, ಗಂಡನತ್ತ ತಿರುಗಿದಳು. "ದುಬಾರಿಯಾದ್ರೂ ಬೆಚ್ಚಗಿರೋ ಊರಲ್ಲೇ ಇರ್ತೀನಿ. ಬಾಡಿಗೆ, ತೆರಿಗೆ ಎರಡನ್ನೂ ನನ್ನ ಬೇಕರಿಯೇ ಕಟ್ಟುತ್ತೆ. ನಿಮಗೆ ಈ ಮನೆ ಅಷ್ಟು ಹಿಡಿಸಿದ್ರೆ ಧಾರಾಳವಾಗಿ ಇಲ್ಲೇ ಇರಿ. ವಾರಕ್ಕೊಂದು ಬ್ರೆಡ್ ಕಳಿಸ್ತೀನಿ."

ಗಂಡ ಕಾರಿನ ಕೀಲಿಗಾಗಿ ಜೇಬು ತಡಕಿದ.