ತಿಪ್ಪಮ್ಮನ ಫೈಲು

ತಿಪ್ಪಮ್ಮನ ಫೈಲನ್ನು ಮೂರು ಸಲ ಓದಿದೆ. ಸ್ಕ್ಯಾನು, ಕಫದ ಪರೀಕ್ಷೆ, ಡಾಕ್ಟರ ಷರಾ ಎಲ್ಲವೂ ಶ್ವಾಸಕೋಶ ಸ್ವಚ್ಛವಾಗಿದೆ ಎನ್ನುತ್ತಿದ್ದವು. ಹತ್ತೊಂಬತ್ತು ವರ್ಷದಿಂದ ಈ ಆಸ್ಪತ್ರೆಯ ಫೈಲುಗಳಿಗೆ ರೋಗದ ಕೋಡ್ ಹಾಕುತ್ತಿದ್ದೇನೆ. ಇಂಥ ಫೈಲು ಬಂದು ಬಹಳ ಕಾಲವಾಗಿತ್ತು.

ಕ್ಯಾನ್ಸರ್ ಇದೆಯೇ ಎಂದು ನಮ್ಮ ಕಂಪ್ಯೂಟರ್ ಈಗ ಕೇಳುವುದಿಲ್ಲ. ಎಡಕ್ಕೋ ಬಲಕ್ಕೋ, ಮೇಲೋ ಕೆಳಗೋ ಎಂದಷ್ಟೇ ಕೇಳುತ್ತದೆ. ‘ಇಲ್ಲ’ ಎಂಬ ಕೋಡನ್ನು ಯಾರೂ ಬಳಸುತ್ತಿಲ್ಲವೆಂದು ತೆಗೆದುಹಾಕಿದ್ದಾರೆ. ರೋಗಿಯ ಕಾರ್ಡಿನಲ್ಲಿ ಕೋಡ್ ಇಲ್ಲದಿದ್ದರೆ ಶುದ್ಧ ಗಾಳಿಯ ಸಿಲಿಂಡರ್ ಸಿಗುವುದಿಲ್ಲ.

“ಇಷ್ಟು ದಿನ ಹೇಗೆ ಉಸಿರಾಡಿದ್ರಿ ಅಮ್ಮ?” ಎಂದು ಕೇಳಿದೆ.

“ಅಕ್ಕನ ಸಿಲಿಂಡರ್ ಇತ್ತಲ್ಲ ಮೇಡಂ. ತನಗೆ ಸಾಕು ಅಂತ ನನಗೇ ಜಾಸ್ತಿ ಬಿಡ್ತಿದ್ಲು. ಹೋದ ವಾರ ತೀರಿಕೊಂಡ್ಲು. ಸಿಲಿಂಡರ್ ವಾಪಸ್ ಒಯ್ದರು.”

ಡಾಕ್ಟರಿಗೆ ಫೋನ್ ಮಾಡಿದೆ. ಇಲ್ಲದ ರೋಗವನ್ನು ಬರೆದುಕೊಡಲಾಗದು ಎಂದರು. ಅದು ಸರಿಯೇ. ನಾನೂ ಹೊಸಬರಿಗೆ ಅದನ್ನೇ ಹೇಳಿಕೊಡುತ್ತೇನೆ.

“ಆರು ತಿಂಗಳು ಹೊರಗಿನ ಗಾಳಿ ಕುಡಿಯಲಿ ಬಿಡಿ. ಆಮೇಲೆ ಸರಿಯಾದ ಕೋಡೇ ಹಾಕಬಹುದು,” ಎಂದು ಆಕಳಿಸಿ ಫೋನ್ ಇಟ್ಟರು.

ತಿಪ್ಪಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಕಾಯುತ್ತಿದ್ದಳು. ಹೊರಗೆ ಸಾಲು ಬಾಗಿಲು ದಾಟಿತ್ತು. ನನಗೆ ಸಾಕಾಗಿತ್ತು.

“ನಿಮ್ಮಕ್ಕನಿಗೆ ಯಾವ ಕಡೆ ಇತ್ತು?”

“ಎಡಕ್ಕೆ. ಕೆಳಗಡೆ.”

ಅದನ್ನೇ ಬರೆದೆ. ಇಷ್ಟು ವರ್ಷದಲ್ಲಿ ನಾನು ಬೇಕೆಂದೇ ಹಾಕಿದ ಮೊದಲ ತಪ್ಪು ಕೋಡು. ಕಂಪ್ಯೂಟರ್ ಹಸಿರು ಗುರುತು ತೋರಿಸಿ, ಮಾಹಿತಿ ಸರಿಯಾಗಿದೆ ಎಂದಿತು.