ಕೇಪಳ, ತೆಚ್ಚಿ

ಕೇಪಳದ ಕೆಂಪು ಹೂಗೊಂಚಲು ಕಂಡರೆ ನನಗೆ ಈಗಲೂ ಚಿಕ್ಕಮ್ಮ ನೆನಪಾಗುತ್ತಾಳೆ.

ಚಿಕ್ಕಪ್ಪನನ್ನು ಮದುವೆಯಾಗಿ ಅವಳು ಕೇರಳದಿಂದ ಎಚ್.ಡಿ. ಕೋಟೆಯ ಕಾಡಂಚಿನ ನಮ್ಮೂರಿಗೆ ಬಂದಿದ್ದಳು. ಕನ್ನಡ ಬಾರದೆ ಸದಾ ಮಂಕಾಗಿರುತ್ತಿದ್ದಳು. ತವರಿಗೆ ಹೊರಟುಬಿಡುತ್ತಾಳೆಂದು ಅಜ್ಜಿಗೆ ಭಯ. ಒಂದು ಮಧ್ಯಾಹ್ನ ಅಜ್ಜಿ, ಚಿಕ್ಕಮ್ಮ, ನಾನು ಮೂವರೂ ಸೌದೆಗೆ ಹೋಗಿದ್ದಾಗ, ಹೂಬಿಟ್ಟ ಪೊದೆಯ ಮುಂದೆ ಚಿಕ್ಕಮ್ಮ "ತೆಚ್ಚಿ!" ಎಂದು ಕೂಗಿ ನಿಂತಳು. ಕಣ್ಣು ತುಂಬಿತ್ತು.

"ನಾವು ಕೇಪಳ ಅಂತೀವಿ ಕಣವ್ವ. ನೀನೇನಂದೆ, ತೆಟ್ಟಿ?" ಎಂದಳು ಅಜ್ಜಿ.

"ತೆಚ್ಚಿ."

"ತೆಕ್ಕಿ?"

ನಮ್ಮ ಮನೆಗೆ ಬಂದಮೇಲೆ ಚಿಕ್ಕಮ್ಮ ನಕ್ಕಿದ್ದು ಅದೇ ಮೊದಲು. ಅಜ್ಜಿ ಒಂದು ಗೊಂಚಲು ಕಿತ್ತು ಅವಳ ಮುಡಿಗೆ ಸಿಕ್ಕಿಸಿ, "ನಂಗೆ ನಾಲ್ಗೆ ತಿರುಗಾಕಿಲ್ಲ. ನೀನೇ ಇದ್ದು ಕಲ್ಸವ್ವ" ಎಂದಳು.

ಅರ್ಥವಾಯಿತೋ ಇಲ್ಲವೋ, ಚಿಕ್ಕಮ್ಮ ಅಜ್ಜಿಯ ಹೊರೆಯನ್ನೂ ತಾನೇ ಹೊತ್ತು ಮನೆಯ ದಾರಿ ಹಿಡಿದಳು.